ಮೊರಿಯಾಮಾ ಸಾನ್ ಕಳಿಸಿದ ಬಾಟಲಿ

ನಮ್ಮ ಮನೆಯಲ್ಲಿ ಓದಿ ನೋಡದೆ ಯಾವ ತಿಂಡಿಯನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಓದುವ ಕೆಲಸ ನನ್ನದು. ಜಪಾನಿನ ಕಾಶಿವಾಕ್ಕೆ ಬಂದ ಹೊಸತರಲ್ಲಿ ಅಮ್ಮ ಒಂದು ಬಿಸ್ಕತ್ತಿನ ಪೊಟ್ಟಣ ತಂದು, ಅರ್ಧ ಮುಗಿಸಿದ ಮೇಲೆ ಅದರಲ್ಲಿ ಹಂದಿಯ ಕೊಬ್ಬಿದೆ ಎಂದು ಅಪ್ಪನಿಂದ ತಿಳಿದು, ಬಚ್ಚಲಿಗೆ ಓಡಿ ಬಾಯಿಗೆ ಬೆರಳು ಹಾಕಿದ್ದಳು. ಅವತ್ತಿನಿಂದ ಸೂಪರ್ ಮಾರ್ಕೆಟ್ಟಿನಲ್ಲಿ ನನ್ನನ್ನು ಮುಂದೆ ಬಿಟ್ಟುಕೊಂಡೇ ನಡೆಯುತ್ತಿದ್ದಳು. ಶಾಲೆಯಲ್ಲಿ ನನ್ನ ಜೊತೆಯ ಮಕ್ಕಳು ಬೆಟ್ಟ, ನದಿ, ಹೂವು ಎಂಬ ಕಾಂಜಿ ಅಕ್ಷರಗಳನ್ನು ತಿದ್ದುತ್ತಿದ್ದಾಗ ನನಗೆ ಆಗಲೇ ಹಂದಿ, ದನ, ಕೋಳಿ, ಮೀನು ಎಲ್ಲ ಬರುತ್ತಿದ್ದವು. ಪೊಟ್ಟಣದ ಹಿಂಭಾಗವನ್ನು ಕಣ್ಣಿಗೆ ಹತ್ತಿರ ಹಿಡಿದು ನಾನು ಓದುವುದು, ಅಮ್ಮ ನನ್ನ ಮುಖವನ್ನೇ ನೋಡುತ್ತ ನಿಲ್ಲುವುದು. ನಮ್ಮ ಹಿಂದೆ ಗಾಡಿ ತಳ್ಳಿಕೊಂಡು ಬಂದವರು ಸುಮಿಮಾಸೆನ್, ಕ್ಷಮಿಸಿ, ಎಂದು ಪಕ್ಕಕ್ಕೆ ಸರಿದು ಹೋಗುತ್ತಿದ್ದರು.

"ಸರಿಯಾಗಿ ನೋಡೇ ಮೇಧಾ. ಕೆಳಗಡೆ ಸಣ್ಣಕ್ಷರದಲ್ಲಿ ಬರ್ದಿರ್ತಾರೆ, ಕಳ್ಳರು."

"ನೋಡ್ದೆ ಅಮ್ಮಾ. ನಥಿಂಗ್."

"ಇನ್ನೊಂದ್ಸಲ ನೋಡು."

ಅಮ್ಮನಿಗೆ ಅನುಮಾನ ಎನ್ನುವುದು ಕಾಯಿಲೆಯಾಗಿರಲಿಲ್ಲ, ಅಡುಗೆಯ ಹಾಗೆ ದಿನವೂ ಮಾಡಿ ಮುಗಿಸಬೇಕಾದ ಕೆಲಸವಾಗಿತ್ತು. ಸ್ಟೇಷನ್ನಿನ ಮುಂದೆ ಪುಕ್ಕಟೆ ಟಿಶ್ಯೂ ಹಂಚುವ ಹುಡುಗಿಯರ ಮೇಲೆ ಅನುಮಾನ, ತಾನಾಗಿ ಬಿಸಿಯಾಗುವ ಕಮೋಡಿನ ಮೇಲೆ ಅನುಮಾನ, ಮೆಟ್ಟಿಲಲ್ಲಿ ಸಿಕ್ಕಾಗ ಅಗತ್ಯಕ್ಕಿಂತ ಹೆಚ್ಚು ಬಗ್ಗಿ ನಮಸ್ಕರಿಸುವ ಪಕ್ಕದ ಮನೆಯಾಕೆಯ ಮೇಲೆ ಅನುಮಾನ. ನಾನು ಈಗ ಅಮ್ಮನ ಅಂದಿನ ವಯಸ್ಸನ್ನು ದಾಟಿದ್ದೇನೆ. ಯಾರಾದರೂ ಸುಮ್ಮಸುಮ್ಮನೆ ನನಗೆ ಒಳ್ಳೆಯದು ಮಾಡಿದರೆ, ಥ್ಯಾಂಕ್ಸ್ ಹೇಳುವ ಮೊದಲು ಅವರನ್ನು ತಿರುಗಿಸಿ ಹಿಂದೆ ಸಣ್ಣಕ್ಷರದಲ್ಲಿ ಏನು ಬರೆದಿದೆ ಎಂದು ನೋಡಬೇಕೆನಿಸುತ್ತದೆ. ಈ ಬುದ್ಧಿ ನನಗೆ ಆ ಮನೆಯಲ್ಲೇ ಅಂಟಿಕೊಂಡದ್ದು.

ಮನೆ ಎಂದರೆ ಎರಡು ಕೋಣೆ, ಒಂದು ಗೇಣಗಲ ಬಾಲ್ಕನಿ. ಬಾಗಿಲ ಬಳಿ ಚಪ್ಪಲಿಗಳ ಕಪಾಟು. ಅಡುಗೆಮನೆಯಲ್ಲಿ ಫ್ರಿಜ್ಜಿನ ತಲೆಯ ಮೇಲೆ ದೇವರು. ಬೇರೆ ಜಾಗವಿಲ್ಲದ್ದರಿಂದ ರಾಘವೇಂದ್ರಸ್ವಾಮಿಗಳೂ ಚಾಮುಂಡೇಶ್ವರಿಯೂ ಫ್ರಿಜ್ಜು ನಡುಗಿದಾಗಲೆಲ್ಲ ನಡುಗುತ್ತಿದ್ದರು. ಒಳಗಿನದು ತತಾಮಿ ಚಾಪೆಯ ಕೋಣೆ. ಅದರ ಗೋಡೆಯಲ್ಲಿ ಹಾಸಿಗೆ ತುಂಬಿಡುವ ದೊಡ್ಡ ಗೂಡು, ಮುಂದೆ ಕಾಗದದ ಬಾಗಿಲು. ಅಪ್ಪ ನಾನು ಏಳುವ ಮೊದಲೇ ಶಿನಾಗಾವಾದ ಆಫೀಸಿಗೆ ರೈಲು ಹಿಡಿಯುತ್ತಿದ್ದ, ನಾನು ಮಲಗುವ ಹೊತ್ತಿಗೆ ಬರುತ್ತಿದ್ದ. ಇಸವಿ ಎರಡು ಸಾವಿರಕ್ಕೆ ತಿರುಗಿದಾಗ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ, ಅದನ್ನು ತಪ್ಪಿಸಲು ಬೆಂಗಳೂರಿನಿಂದ ಇವರನ್ನೆಲ್ಲ ಕರೆಸಿದ್ದಾರೆ ಎಂಬುದು ನನಗೆ ಗೊತ್ತಿದ್ದ ವಿವರ. ಅಮ್ಮನಿಗೆ ಇದರ ಮೇಲೂ ನಂಬಿಕೆಯಿರಲಿಲ್ಲ.

"ಇಸವಿ ಬದಲಾಗೋದಕ್ಕೆ ಇವರ್ಯಾಕೆ ಕಾವಲು ಕೂತ್ಕೋಬೇಕು? ಅದರ ಪಾಡಿಗೆ ಅದು ಬದಲಾಗಲ್ವಾ?"

ಆ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ದೊಡ್ಡ ಅಂಗಡಿಯೊಂದರ ಸಮವಸ್ತ್ರ ತೊಟ್ಟವನು ಬಂದು, ಚೆಂದದ ಕಾಗದ ಸುತ್ತಿದ ಪೆಟ್ಟಿಗೆ ಕೊಟ್ಟು, ಬಗ್ಗಿ ಹೋದ. ಕಳಿಸಿದವರು ಮೊರಿಯಾಮಾ ಸಾನ್, ಅಂದರೆ ಮೊರಿಯಾಮಾ ಅವರು, ಅಪ್ಪನ ವಿಭಾಗದ ಮುಖ್ಯಸ್ಥರು. ವರ್ಷದ ಕೊನೆಗೆ ಬೇಕಾದವರ ಮನೆಗೆ ಅಂಗಡಿಯಿಂದಲೇ ಉಡುಗೊರೆ ಕಳಿಸುವುದು ಅಲ್ಲಿನ ಪದ್ಧತಿ. ಬಂದದ್ದನ್ನು ವಾಪಸ್ಸು ಮಾಡುವುದೆಂದರೆ ಕಳಿಸಿದವರ ಮುಖಕ್ಕೆ ಹೊಡೆದ ಹಾಗೆ. ಅಮ್ಮ ಸಿಹಿತಿಂಡಿ ಇರಬಹುದೆಂದು ಓದಲು ನನ್ನನ್ನು ಕರೆದು ಪೆಟ್ಟಿಗೆ ಬಿಚ್ಚಿದಳು. ಒಳಗೆ ಕಾಗದದ ಚೂರುಗಳ ಮೇಲೆ, ತೊಟ್ಟಿಲಲ್ಲಿ ಮಗು ಮಲಗಿದಂತೆ, ಕೆಂಪು ವೈನಿನ ಬಾಟಲಿ ಮಲಗಿತ್ತು. ಅಮ್ಮ ಮುಚ್ಚಳವನ್ನು ಮತ್ತೆ ಮುಚ್ಚಿದಳು. ರಾತ್ರಿ ಅಪ್ಪ ಬಂದವನು ಇನ್ನೂ ಶೂ ಬಿಚ್ಚುತ್ತಿದ್ದ, ಅಮ್ಮ ಶುರು ಮಾಡಿದಳು.

"ಕುಡೀದೇ ಇರೋರ ಮನೆಗೆ ಯಾರಾದ್ರೂ ಬಾಟ್ಲಿ ಕಳಿಸ್ತಾರೇನ್ರೀ?"

"ಯಾವ ಬಾಟ್ಲಿ? ಓ, ಮೊರಿಯಾಮಾ ಸಾನಾ? ಅಯ್ಯೋ, ನಾವು ಅವರಿಗೆ ಕಳಿಸ್ಬೇಕಿತ್ತು ಕಣೇ. ಬಾಸ್‌ಗಳು ಕೆಳಗಿನೋರಿಗೆ ಸಾಮಾನ್ಯವಾಗಿ ಕಳ್ಸಲ್ಲ."

"ಮತ್ತೆ ನಿಮಗ್ಯಾಕೆ ಕಳಿಸಿದ್ರು?"

ಅಪ್ಪನಿಗೆ ಉತ್ತರ ಹೊಳೆಯಲು ಒಂದು ಕ್ಷಣ ತಡವಾಯಿತು. ಅಮ್ಮನಿಗೆ ಆ ಒಂದು ಕ್ಷಣವೇ ಸಾಕಾಯಿತು. ಆಮೇಲೆ ಅಪ್ಪ ವಿವರಿಸಿದ. ವಾರಕ್ಕೊಮ್ಮೆ ವಿಭಾಗದವರೆಲ್ಲ ಆಫೀಸಿನ ಹತ್ತಿರದ ಒಂದು ಇಟಾಲಿಯನ್ ಹೋಟೆಲಿಗೆ ಹೋಗುತ್ತಾರೆ, ಹೋಗದೆ ಇರುವಂತಿಲ್ಲ.

"ಅಲ್ಲಿ ಲೋಟ ಅರ್ಧ ಆದ್ರೆ ಸಾಕು, ಪಕ್ಕದವನು ತುಂಬಿಸಿಬಿಡ್ತಾನೆ. ಅದು ಅವರ ಮರ್ಯಾದೆ. ಜ್ಯೂಸ್ ತಗೊಂಡ್ರೆ ಹುಷಾರಿಲ್ವಾ, ಮನೇಲೇನಾದ್ರೂ ಪ್ರಾಬ್ಲಮ್ಮಾ ಅಂತ ಎಲ್ರೂ ಶುರು ಮಾಡ್ತಾರೆ. ಅದಕ್ಕೇ ನಾನು ಹೋದ ತಕ್ಷಣ ಒಂದ್ ಗ್ಲಾಸ್ ರೆಡ್ ವೈನ್ ಹೇಳಿ ಮುಂದೆ ಇಟ್ಕೊಂಡ್‌ಬಿಡ್ತೀನಿ. ತುಂಬಿರೋ ಗ್ಲಾಸ್‌ಗೆ ಯಾರೂ ಏನೂ ಹಾಕಕ್ಕಾಗಲ್ಲ ನೋಡು."

"ಊಟ ಮುಗಿಯೋವರೆಗೂ?"

"ಹೂಂ."

"ಅಷ್ಟು ಹೊತ್ತೂ ತುಂಬಿದ ಲೋಟ ಮುಂದಿಟ್ಕೊಂಡು ಸುಮ್ನೆ ನೋಡ್ತಾ ಕೂತಿರ್ತೀರಾ?"

"ಬ್ರೆಡ್ ತಿಂತೀನಿ."

ಅಮ್ಮ ನಕ್ಕಳು. ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಮ್ಮನಿಗೆ ಮೈಸೂರಿನಲ್ಲಿ ಒಬ್ಬ ಅಕ್ಕ ಇದ್ದಳು, ನನ್ನ ದೊಡ್ಡಮ್ಮ. ಅವಳ ಗಂಡನಿಗೆ ಯಾರೋ ಉಡುಗೊರೆಯಾಗಿ ಒಂದು ಬಾಟಲಿ ಕೊಟ್ಟಿದ್ದರಂತೆ. ಶೋಕೇಸಿನಲ್ಲಿ ಬೊಂಬೆಗಳ ಜೊತೆ ಅಂದಕ್ಕೆಂದು ಇಟ್ಟಿದ್ದರಂತೆ. ದೊಡ್ಡಪ್ಪ ಆಮೇಲೆ ಏನಾದರು ಎಂಬುದನ್ನು ನಮ್ಮ ಮನೆಯಲ್ಲಿ ಪಿಸುಮಾತಿನಲ್ಲೂ ಹೇಳುತ್ತಿರಲಿಲ್ಲ. ದೊಡ್ಡಮ್ಮ ತವರಿಗೆ ಬಂದು ಉಳಿದಿದ್ದಳು ಎಂಬುದಷ್ಟೇ ಎಲ್ಲರಿಗೂ ಕಾಣುತ್ತಿತ್ತು. ಆ ದಿನ ಅಮ್ಮ ನಕ್ಕು ಮುಗಿಸಿ, ತಟ್ಟೆ ಹಾಕುತ್ತ, ಅಡುಗೆಯ ಮಾತಾಡುವ ದನಿಯಲ್ಲೇ ಹೇಳಿದಳು.

"ನಿಜ ಏನು ಅಂತ ನಂಗೆ ಗೊತ್ತಾಗ್ಲಿ. ನೀವು ಕುಡಿಯೋದು ಹೌದಾದ್ರೆ ಯುಗಾದಿಗೆ ನಾನೂ ಮೇಧಾನೂ ಮೈಸೂರಲ್ಲಿರ್ತೀವಿ. ವಾಪಸ್ ಬರಲ್ಲ."

ಅವಳು ಹೇಳಿದರೆ ಮಾಡುವವಳು ಎಂದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಶಾಲೆಯಲ್ಲಿ ಆಗಷ್ಟೇ ನನಗೊಬ್ಬಳು ಗೆಳತಿ ಸಿಕ್ಕಿದ್ದಳು. ಅಪ್ಪನನ್ನು ಬಿಟ್ಟು ಇರುವುದು ಹೇಗೆಂದು ನನಗೆ ಊಹೆಗೂ ಬರುತ್ತಿರಲಿಲ್ಲ.

ಬಾಟಲಿಯನ್ನು ಎಲ್ಲಿಡುವುದು ಎನ್ನುವುದು ಮುಂದಿನ ರಗಳೆ. ಅಡುಗೆಮನೆಯಲ್ಲಿ ದೇವರಿದ್ದಾರೆ. ಚಪ್ಪಲಿ ಕಪಾಟಿನಲ್ಲಿಟ್ಟರೆ ಕೊಟ್ಟವರಿಗೆ ಅವಮಾನ. ಬಾಲ್ಕನಿಯಲ್ಲಿಟ್ಟರೆ ಪಕ್ಕದ ಮನೆಯಾಕೆಗೆ ಕಾಣುತ್ತದೆ. ಕೊನೆಗೆ ಹಾಸಿಗೆಯ ಗೂಡಿನಲ್ಲಿ ರಜಾಯಿಗಳ ಹಿಂದೆ ಸೇರಿಸಿದಳು. ಅಲ್ಲಿಯೂ ಅದು ನೆಮ್ಮದಿಯಾಗಿರಲಿಲ್ಲ. ಅಪ್ಪ ಹುಡುಕುತ್ತಾನೋ ಇಲ್ಲವೋ ನೋಡಲು ಅಮ್ಮ ಇವತ್ತು ಎಡಮೂಲೆಗೆ, ನಾಳೆ ಬಲಮೂಲೆಗೆ ಎಂದು ಜಾಗ ಬದಲಿಸುತ್ತಿದ್ದಳು, ದಿನಾ ಬೆಳಗ್ಗೆ ಮೂತಿಯ ಮೇಲಿನ ಸೀಲನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಅಪ್ಪ ಒಮ್ಮೆಯೂ ಅದರ ಸುದ್ದಿ ಎತ್ತಲಿಲ್ಲ.

"ನೋಡಿದ್ಯಾ, ಕೇಳೋದೇ ಇಲ್ಲ. ಆಸೆ ಇಲ್ದೇ ಇದ್ರೆ ಎಲ್ಲಿಟ್ಟೆ ಅಂತಾನಾದ್ರೂ ಕೇಳ್ಬೇಕಲ್ವಾ?"

"ಐ ಡೋಂಟ್ ನೋ ಅಮ್ಮಾ."

ಭಾನುವಾರಗಳಲ್ಲಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದವನು ಗುರು ಮಾಮ. ಕಾಶಿವಾದ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ, ಮೈಸೂರಿನವನೇ. ನೆಂಟನಲ್ಲದಿದ್ದರೂ ಅಮ್ಮನನ್ನು ಅತ್ತಿಗೆ ಎನ್ನುತ್ತಿದ್ದ. ಅಮ್ಮ ಅವನ ಮುಂದೆ ಬಾಟಲಿಯನ್ನು ಹೊರತೆಗೆದು, ಇದು ಎಂಥದ್ದು ಹೇಳು ಎಂದಳು. ಅವನು ತಿರುಗಿಸಿ ನೋಡಿದ.

"ಇಟಲೀದು ಅತ್ತಿಗೆ, ಅಬ್ರುತ್ಸೋ ಅನ್ನೋ ಕಡೇದು. ಏನ್ ದೊಡ್ಡ ವೈನ್ ಅಲ್ಲ. ನಮ್ ಕ್ಯಾಂಪಸ್ ಹತ್ರಾನೂ ಸಿಗತ್ತೆ. ಚೀಪ್ ಅಂಡ್ ಬೆಸ್ಟ್."

"ಬೆಸ್ಟ್ ಅಂತ ನಿಂಗೆ ಹೇಗೋ ಗೊತ್ತು?"

ಗುರು ಮಾಮ ತಲೆ ತಗ್ಗಿಸಿ ಹುಳಿ ಕಲಸಿಕೊಂಡ. ಪೆಟ್ಟಿಗೆಯಲ್ಲಿ ಬಾಟಲಿಯ ಜೊತೆ ಜಪಾನಿ ಭಾಷೆಯ ಒಂದು ಕರಪತ್ರವೂ ಇತ್ತು. ಅದನ್ನು ನಾನು ಓದಿ ಹೇಳಿದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಒಂದು ಮನೆತನದ ದ್ರಾಕ್ಷಿತೋಟ. ಅಜ್ಜ ಹಾಕಿದ ಬಳ್ಳಿಗಳನ್ನು ಈಗ ಇಬ್ಬರು ಮೊಮ್ಮಕ್ಕಳು ನೋಡಿಕೊಳ್ಳುತ್ತಾರೆ. ಕೊಯ್ಲಿನ ದಿನ ಮನೆಗೆ ಬೀಗ ಹಾಕಿ ಎಲ್ಲರೂ ತೋಟಕ್ಕಿಳಿಯುತ್ತಾರೆ. ಇದು ಹಬ್ಬಕ್ಕಲ್ಲ, ದಿನದ ಊಟಕ್ಕೆ ಮಾಡಿದ ವೈನು, ಆದ್ದರಿಂದ ಬೆಲೆ ಏರಿಸಲು ಅವರಿಗೆ ಮನಸ್ಸಿಲ್ಲ. ಇದನ್ನು ಕೇಳಿ ಅಮ್ಮ ಎದ್ದು ಕೂತಳು.

"ಮನಸ್ಸಿಲ್ವಂತೆ! ವ್ಯಾಪಾರ ಮಾಡೋನು ಬೆಲೆ ಏರ್ಸಲ್ಲ ಅಂದ್ರೆ ಅಲ್ಲೇನೋ ಇದೆ. ಕೊಡಿಲ್ಲಿ ಆ ಫೋಟೋ."

ಕರಪತ್ರದಲ್ಲಿದ್ದ ಫೋಟೋದಲ್ಲಿ ಕಲ್ಲಿನ ಮನೆಯ ಮುಂದೆ ಎಲ್ಲರೂ ಸಾಲಾಗಿ ನಿಂತಿದ್ದರು. ನಡುವೆ ಕುರ್ಚಿಯಲ್ಲಿ ಕಪ್ಪು ಬಟ್ಟೆಯ ಅಜ್ಜಿ. ಅಮ್ಮ ಹೆಣ್ಣು ನೋಡಲು ಬಂದವರ ಹಾಗೆ ಒಬ್ಬೊಬ್ಬರ ಮುಖವನ್ನೂ ಪರೀಕ್ಷಿಸಿದಳು. ದೊಡ್ಡ ಮೊಮ್ಮಗ ಸೋಮಾರಿ, ಅವನ ಕೈ ನೋಡಿದರೆ ತಿಳಿಯುತ್ತದೆ. ಚಿಕ್ಕವನ ಹೆಂಡತಿ ಅತ್ತುಕೊಂಡು ಬಂದು ನಿಂತಿದ್ದಾಳೆ. ಅಜ್ಜಿಯ ಮೇಲೆ ಮಾತ್ರ ಅವಳಿಗೆ ತಪ್ಪು ಹೊರಿಸಲು ಆಗಲಿಲ್ಲ.

"ಈ ಮುದುಕಮ್ಮ ಒಳ್ಳೆಯವಳು. ಪಾಪ, ಇಷ್ಟ್ ಜನಕ್ಕೂ ಬೇಯಿಸಿ ಹಾಕಿರೋ ಕೈ ಅದು."

ವರ್ಷದ ಕೊನೆಯ ದಿನ ಅಪ್ಪ ಆಫೀಸಿನಲ್ಲೇ ಉಳಿದ, ಮರುದಿನ ಮಧ್ಯಾಹ್ನ ಬಂದ. ಟಿವಿಯಲ್ಲಿ ಎಲ್ಲ ದೇಶಗಳಲ್ಲೂ ಪಟಾಕಿ ಹೊಡೆಯುವುದನ್ನು ತೋರಿಸುತ್ತಿದ್ದರು. ಎಲ್ಲೂ ಏನೂ ಆಗಿರಲಿಲ್ಲ, ರೈಲುಗಳು ಓಡುತ್ತಿದ್ದವು, ದೀಪಗಳು ಉರಿಯುತ್ತಿದ್ದವು. ಅಪ್ಪ ಹೆಮ್ಮೆಯಿಂದ, ಏನೂ ಆಗಲಿಲ್ಲ ಎಂದ. ಅಮ್ಮನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿರಲಿಲ್ಲ.

"ಏನೂ ಆಗ್ದೇ ಇದ್ಮೇಲೆ ರಾತ್ರಿಯೆಲ್ಲ ಅಲ್ಲೇನ್ ಮಾಡಿದ್ರಿ?"

ಅಪ್ಪ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಅಷ್ಟು ಸುಸ್ತಾಗಿದ್ದವನನ್ನು ನಾನು ನೋಡಿರಲಿಲ್ಲ. ಅಂದು ಮೊದಲ ಸಲ ನನಗೂ ಅನುಮಾನ ಬಂತು. ಅವನು ನಿದ್ದೆ ಹೋದ ಮೇಲೆ ಬಗ್ಗಿ ಅವನ ಉಸಿರು ಮೂಸಿದೆ. ಕಾಫಿಯ ವಾಸನೆ ಮಾತ್ರ ಬಂತು. ಕಾಫಿಯ ಕೆಳಗೆ ಬೇರೇನಾದರೂ ಇರಬಹುದೇ ಎಂದು ಇನ್ನೊಮ್ಮೆ ಮೂಸಿದೆ.

ಸಂಕ್ರಾಂತಿಗೆ ಮುಂಚಿನ ಭಾನುವಾರ ಮೊರಿಯಾಮಾ ಸಾನ್ ನಮ್ಮ ಮನೆಗೆ ಬರುತ್ತಾರೆಂದು ಅಪ್ಪ ಹೇಳಿದ. ಹೊಸವರ್ಷದ ದಿನ ಅಪ್ಪನನ್ನು ಮನೆಯಿಂದ ದೂರ ಇರಿಸಿಕೊಂಡದ್ದಕ್ಕೆ ಅಮ್ಮನ ಕ್ಷಮೆ ಕೇಳಬೇಕಂತೆ. ಅಲ್ಲಿ ಯಾರೂ ಹಾಗೆ ಮನೆಗೆ ಬರುವವರಲ್ಲ. ಅಮ್ಮ ವಡೆಗೆ ಉದ್ದು ನೆನೆಹಾಕಿದಳು, ಮನೆ ಒರೆಸಿದಳು, ನನಗೆ ಜಡೆ ಬಿಗಿದಳು. ಅಪ್ಪ ಅವರನ್ನು ಕರೆತರಲು ಸ್ಟೇಷನ್ನಿಗೆ ಹೋದ. ಅವರೋ, ತೊಂದರೆ ಕೊಡಬಾರದೆಂದು ಟ್ಯಾಕ್ಸಿ ಹಿಡಿದು ನೇರವಾಗಿ ನಮ್ಮ ಬಾಗಿಲಿಗೇ ಬಂದುಬಿಟ್ಟರು. ತೆಳ್ಳಗಿನ ಬಿಳಿಗೂದಲಿನ ಮನುಷ್ಯ, ಭಾನುವಾರವೂ ಟೈ ಕಟ್ಟಿದ್ದರು, ಕೈಯಲ್ಲಿ ಸ್ಟ್ರಾಬೆರಿಯ ಡಬ್ಬಿ. ತತಾಮಿಯ ಮೇಲೆ ಮಂಡಿಯೂರಿ ಕೂತು, ಅಮ್ಮ ಕೊಟ್ಟ ಫಿಲ್ಟರ್ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಪ್ಪ ಇನ್ನೂ ಸ್ಟೇಷನ್ನಿನಲ್ಲಿ ಕಾಯುತ್ತಿದ್ದ. ಅಮ್ಮ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

"ಕೇಳು ಅವರನ್ನ. ಬಾಟ್ಲಿ ಯಾಕೆ ಕಳಿಸಿದ್ರು ಅಂತ. ಮರ್ಯಾದೆಯಾಗಿ ಕೇಳು."

ನಾನು ಕೇಳಿದೆ. ಮೊರಿಯಾಮಾ ಸಾನ್ ಮುಖ ಅರಳಿತು. ಚಿಕ್ಕ ವಯಸ್ಸಿನಲ್ಲಿ ಅವರು ಕೆಲಸದ ಮೇಲೆ ಆ ವೈನಿನ ಊರಿನ ಕಡೆ ಹೋಗಿದ್ದರಂತೆ. ಜ್ವರ ಬಂತು, ಭಾಷೆ ಬಾರದು, ಉಳಿದುಕೊಂಡಿದ್ದ ಹೋಟೆಲಿನವರು ರಜೆಗೆಂದು ಬಾಗಿಲು ಹಾಕಿದರು. ಆಗ ಆ ದ್ರಾಕ್ಷಿತೋಟದವರು ತಮ್ಮ ಮನೆಗೆ ಕರೆದುಕೊಂಡು ಹೋದರು. ಕರಪತ್ರದ ಆ ಅಜ್ಜಿ, ಆಗಿನ್ನೂ ನಡುವಯಸ್ಸಿನವಳು, ಜ್ವರ ಬಿಡುವವರೆಗೂ ಗಂಜಿಯಂಥದ್ದನ್ನು ಕುಡಿಸಿದಳು, ಜ್ವರ ಬಿಟ್ಟ ಮೇಲೆ ಊಟದ ಜೊತೆ ತಮ್ಮದೇ ವೈನಿಗೆ ನೀರು ಬೆರೆಸಿ ಕೊಟ್ಟಳು. ಅಂದಿನಿಂದ ಆ ವೈನು ಎಲ್ಲಿ ಸಿಕ್ಕರೂ ಬಿಡುವುದಿಲ್ಲ. ಶಿನಾಗಾವಾದ ಆ ಹೋಟೆಲಿಗೆ ಎಲ್ಲರನ್ನೂ ಕರೆದುಕೊಂಡು ಹೋಗುವುದು ಅದಕ್ಕೇ. ಆದರೆ ಅವರ ಹುಡುಗರು ಅದನ್ನು ಬಾರ್ಲಿ ಟೀಯಂತೆ ಗಟಗಟ ಕುಡಿದುಬಿಡುತ್ತಾರೆ.

"ರಾವ್ ಸಾನ್ ಒಬ್ಬರೇ ಬೇರೆ," ಎಂದರು ಅಪ್ಪನನ್ನು ಕುರಿತು. "ಅವರು ಗ್ಲಾಸನ್ನು ಮುಂದಿಟ್ಟುಕೊಂಡು ನೋಡುತ್ತಾ ಇರುತ್ತಾರೆ. ನಾವೆಲ್ಲ ಎದ್ದು ಕೋಟು ಹಾಕಿಕೊಳ್ಳುವಾಗಲೂ ಅವರ ಗ್ಲಾಸು ತುಂಬಿಯೇ ಇರುತ್ತದೆ."

ನಾನು ಅದನ್ನು ಕನ್ನಡಕ್ಕೆ ತಂದೆ. ಅಮ್ಮನ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಏಳುವಾಗಲೂ? ಸರಿಯಾಗಿ ಕೇಳು."

"ಹಾಯ್, ಹೌದು, ಏಳುವಾಗಲೂ," ಎಂದರು ಮೊರಿಯಾಮಾ ಸಾನ್.

"ಆಮೇಲೆ? ಇವರು ಹಿಂದೆ ಉಳ್ಕೋತಾರಾ?"

ಇಲ್ಲವಂತೆ. ಎಲ್ಲರ ಜೊತೆಗೇ ಸ್ಟೇಷನ್ನಿಗೆ ನಡೆದುಬಿಡುತ್ತಾರಂತೆ. ಆ ವೈನಿನ ಮೇಲೆ ಅಷ್ಟು ಗೌರವ ಇರುವ ಮನುಷ್ಯನಿಗೆ ಆಫೀಸಿನವರ ಗದ್ದಲದಲ್ಲಿ ಕುಡಿಯಲು ಮನಸ್ಸು ಬಾರದಿರುವುದು ಸಹಜ. ಮನೆಯಲ್ಲಾದರೂ ನೆಮ್ಮದಿಯಾಗಿ ಕುಡಿಯಲಿ ಎಂದು ಬಾಟಲಿಯನ್ನು ಮನೆಗೇ ಕಳಿಸಿದರಂತೆ. ಹೇಳುತ್ತ ಹೇಳುತ್ತ ಅವರ ಕಣ್ಣು ಒದ್ದೆಯಾಗಿತ್ತು. ಅಮ್ಮ ಲೋಟ ಕೆಳಗಿಟ್ಟಳು. ಇಷ್ಟು ದಿನ ಬಿಗಿದುಕೊಂಡಿದ್ದ ಅವಳ ಭುಜ ಇಳಿದದ್ದು ನನಗೆ ಕಂಡಿತು. ನನಗೆ ಕುಣಿಯಬೇಕೆನಿಸಿತು. ಅಪ್ಪ ಹೇಳಿದ್ದು ನಿಜವಾಗಿತ್ತು, ಬ್ರೆಡ್ಡಿನ ವಿಷಯವೂ ನಿಜವೇ ಇರಬೇಕು.

ಅಷ್ಟರಲ್ಲಿ ಅಪ್ಪ ಏದುಸಿರು ಬಿಡುತ್ತ ಬಂದ. ಸುಮಿಮಾಸೆನ್‌ಗಳ ವಿನಿಮಯ ಮುಗಿದ ಮೇಲೆ ಮೊರಿಯಾಮಾ ಸಾನ್, ಆ ಬಾಟಲಿ ಇದ್ದರೆ ಎಲ್ಲರೂ ಕೂತು ಒಂದು ಗುಟುಕು ತೆಗೆದುಕೊಳ್ಳೋಣ ಎಂದರು. ಅಪ್ಪನ ಮುಖ ಬಿಳಿಚಿತು. ಅಮ್ಮ ರಜಾಯಿಗಳ ಹಿಂದಿನಿಂದ ಬಾಟಲಿ ತಂದಿಟ್ಟಳು. ಸೀಲು ಒಡೆಯದೆ ಇರುವುದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು, ಆದರೂ ಜೇಬಿನಿಂದ ತಿರುಪು ತೆಗೆದು ತಾವೇ ಬಿರಡೆ ಕಿತ್ತರು. ಗಾಜಿನ ಲೋಟ ನಮ್ಮಲ್ಲಿರಲಿಲ್ಲ. ಕಾಫಿ ಕುಡಿಯುವ ಸ್ಟೀಲ್ ಲೋಟಗಳಿಗೇ ಬಗ್ಗಿಸಿದರು. ಅಪ್ಪ ಅಮ್ಮನನ್ನು ನೋಡಿದ. ಅಮ್ಮ ವಡೆಯ ತಟ್ಟೆಯನ್ನು ನೋಡುತ್ತಿದ್ದಳು. ಎದುರಿಗೆ ಕೂತ ಮುಖ್ಯಸ್ಥರು ಲೋಟ ಎತ್ತಿದ ಮೇಲೆ ಎತ್ತದೆ ಇರುವ ಹಾಗಿಲ್ಲ. ಅಪ್ಪ ಕಣ್ಣು ಮುಚ್ಚಿ ಒಂದು ಗುಟುಕು ಒಳಗೆ ಹಾಕಿಕೊಂಡ.

ಹರಳೆಣ್ಣೆ ಕುಡಿಸಿದ ಮಗುವಿನ ಮುಖ ಹೇಗಾಗುತ್ತದೋ ಹಾಗಾಯಿತು. ಮೂಗು, ಹುಬ್ಬು, ತುಟಿ ಎಲ್ಲವೂ ಒಂದೇ ಕಡೆ ಬಂದು ಸೇರಿದವು, ಭುಜ ನಡುಗಿತು, ಕೆಮ್ಮು ಬಂತು. ಬದುಕಿನಲ್ಲಿ ಎಂದೂ ವೈನು ಮುಟ್ಟದವನ ಮುಖ ಅದು, ಬೇರೆ ಯಾರ ಮುಖವೂ ಅಲ್ಲ. ಮೊರಿಯಾಮಾ ಸಾನ್ ಕೈಯ ಲೋಟ ಗಾಳಿಯಲ್ಲೇ ನಿಂತಿತು. ಅವರು ಅಪ್ಪನನ್ನೇ ನೋಡಿದರು, ಆಮೇಲೆ ಬಾಟಲಿಯನ್ನು ನೋಡಿದರು. ಇಷ್ಟು ದಿನ ಆ ತುಂಬಿದ ಗ್ಲಾಸಿನ ಮುಂದೆ ಕೂತಿದ್ದವನು ಯಾರು ಎಂದು ಅವರು ಯೋಚಿಸತೊಡಗಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಹೆಂಡತಿಯ ಎದುರು ಸತ್ಯವಂತನಾದ ಅಪ್ಪ, ಅದೇ ಗುಟುಕಿನಲ್ಲಿ ಈ ಮನುಷ್ಯನ ಎದುರು ಮೋಸಗಾರನಾಗುತ್ತಿದ್ದ.

"ಮೇಧಾ," ಎಂದಳು ಅಮ್ಮ. "ನಾನು ಹೇಳಿದ್ದನ್ನ ಹಾಗ್ ಹಾಗೇ ಹೇಳು. ಇದು ಧನುರ್ಮಾಸ. ಈ ತಿಂಗಳು ನಮ್ಮನೆಯವರು ದೇವರಿಗೆ ವ್ರತ ಹಿಡಿದಿದಾರೆ, ವೈನ್ ಮುಟ್ಟೋ ಹಾಗಿಲ್ಲ. ಅದಕ್ಕೇ ಬಾಟ್ಲಿ ತೆಗೀದೇ ಇಟ್ಟಿದ್ರು. ಇವತ್ತು ನೀವು ಕೊಟ್ರಿ ಅಂತ ವ್ರತ ಮುರಿದ್ರು. ಮನಸ್ಸಿಗೆ ಕಷ್ಟ ಆಯ್ತು, ಮುಖ ಹಾಗಾಯ್ತು. ಬೇರೆ ತಿಂಗಳಲ್ಲಿ ಇದೇ ವೈನನ್ನೇ ಅಂಗಡಿಯಿಂದ ತರ್ತಾರೆ. ದಿನಾ ಊಟಕ್ಕೆ ಕೂತು, ಚೂರ್ ಚೂರೇ ಕುಡೀತಾರೆ. ಅವರಿಗೆ ಇದು ಅಂದ್ರೆ ಪ್ರಾಣ ಅಂತ ಹೇಳು."

ನಾನು ಅಮ್ಮನ ಮುಖ ನೋಡಿದೆ. ಅವಳು ಮೊರಿಯಾಮಾ ಸಾನ್ ಅವರನ್ನು ನೇರವಾಗಿ ನೋಡುತ್ತಿದ್ದಳು, ರೆಪ್ಪೆ ಬಡಿಯುತ್ತಿರಲಿಲ್ಲ. ಗಂಡ ಕುಡಿಯುತ್ತಾನೆ ಎಂಬ ಮಾತು ಅವಳ ಬಾಯಿಂದ ಹೊರಡುವುದು ಎಷ್ಟು ಕಷ್ಟವಿತ್ತು ಎಂಬುದು ನನಗೆ ಆಗ ಅರ್ಥವಾಗಲಿಲ್ಲ, ಈಗ ಆಗುತ್ತದೆ. ವ್ರತಕ್ಕೆ ಜಪಾನಿ ಮಾತು ಗೊತ್ತಿಲ್ಲದೆ, ದೇವರಿಗೆ ಕೊಟ್ಟ ಮಾತು ಎಂದೆ. ಉಳಿದದ್ದೆಲ್ಲ ಸರಾಗವಾಗಿ ಬಂತು. ಮೊರಿಯಾಮಾ ಸಾನ್ ಲೋಟ ಕೆಳಗಿಟ್ಟು, ಎರಡೂ ಕೈಯನ್ನು ಚಾಪೆಗೆ ಊರಿ, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿದರು. ಅಪ್ಪನ ಕೈಯಿಂದ ಲೋಟವನ್ನು ಕಿತ್ತುಕೊಂಡರು,  ಅವನು ಇನ್ನೊಂದು ತೊಟ್ಟೂ ಮುಟ್ಟಕೂಡದೆಂದರು. ಎರಡೂ ಲೋಟ ತಾವೇ ಮುಗಿಸಿದರು, ಆರು ವಡೆ ತಿಂದರು, ಕೆಂಪು ಮುಖ ಹೊತ್ತು, ತುಂಬ ಸಂತೋಷದಿಂದ ಹೊರಟರು.

ಬಾಗಿಲು ಹಾಕಿಕೊಂಡ ಮೇಲೆ ಅಪ್ಪ ಅಲ್ಲೇ ಚಪ್ಪಲಿಗಳ ನಡುವೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಈಗಾದ್ರೂ ನಂಬಿದ್ಯಾ?"

"ಅವರು ಹೇಳಿದ್ದನ್ನ ನಂಬಿದೆ. ನಿಮ್ಮನ್ನಲ್ಲ."

"ಮತ್ತೆ ಅವರ ಹತ್ರ ನನ್ನ ಕುಡುಕ ಅಂತ ಯಾಕೆ ಮಾಡ್ದೆ?"

"ಇನ್ನೇನ್ರೀ ಮಾಡೋದು? ಆ ಅಜ್ಜಿ ಕೈಲಿ ಗಂಜಿ ಕುಡಿದು ಬಂದ ಮನುಷ್ಯ. ಪಾಪ, ಅಳೋ ಹಾಗಾಗಿದ್ರು."

ಉಳಿದ ವೈನನ್ನು ಗುರು ಮಾಮನಿಗೆ ಕೊಟ್ಟಳು. ಅಂದು ನಮ್ಮ ಮನೆಯಲ್ಲಿ ಎಷ್ಟೋ ವಾರಗಳ ನಂತರ ಜೋರು ದನಿಯ ಮಾತು, ನಗು ಎಲ್ಲ ಇತ್ತು. ನಾವು ಜಪಾನಿನಲ್ಲೇ ಉಳಿದೆವು. ಪ್ರತಿ ಡಿಸೆಂಬರಿಗೂ ಬಾಟಲಿ ಬರುತ್ತಲೇ ಇತ್ತು, ಎರಡೆರಡು. ನನ್ನ ಮಟ್ಟಿಗೆ ಸಂಕಟ ಮುಗಿದಿತ್ತು. ಅಥವಾ ಮುಗಿಯಿತು ಎಂದುಕೊಂಡಿದ್ದೆ.

ಅದೇ ವಾರ, ಸಂಕ್ರಾಂತಿಯ ದಿನ, ಅಮ್ಮ ಮೈಸೂರಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದೆ. ಆ ಕಡೆ ಅಜ್ಜಿ ಯುಗಾದಿಗೆ ಬರುತ್ತೀರಲ್ಲ ಎಂದು ಕೇಳಿರಬೇಕು.

"ಇಲ್ಲಮ್ಮಾ, ಬರಲ್ಲ. ಅದೇನೋ ಸುಮ್ನೆ ಅಂದಿದ್ದೆ. ನಂಗಿಲ್ಲಿ ಏನ್ ಬೇಜಾರು? ಅಕ್ಕಪಕ್ಕದೋರೆಲ್ಲ ಎಷ್ಟ್ ಒಳ್ಳೇವ್ರು ಗೊತ್ತಾ, ದಿನಾ ಬಂದು ಮಾತಾಡಿಸ್ತಾರೆ. ಹೊತ್ತು ಹೋಗೋದೇ ಗೊತ್ತಾಗಲ್ಲ. ತುಂಬಾ ಖುಷಿಯಾಗಿದೀನಿ."

ನಮ್ಮ ಮನೆಗೆ ಅಕ್ಕಪಕ್ಕದವರು ಒಬ್ಬರೂ ಬಂದದ್ದಿಲ್ಲ. ನಾನು ಶಾಲೆಗೆ ಹೋದ ಮೇಲೆ, ಮತ್ತೆ ಬರುವವರೆಗೆ, ಅಮ್ಮ ಯಾರೊಂದಿಗೂ ಒಂದು ಮಾತು ಆಡುತ್ತಿರಲಿಲ್ಲ. ಇದು ನನಗೆ ಗೊತ್ತಿದ್ದ ವಿಷಯವೇ. ಆದರೆ ವ್ರತದ ಕತೆ ಹೇಳಿದ ದನಿಯೂ ಈ ದನಿಯೂ ಒಂದೇ ಎಂಬುದು ಅಂದು ಕಿವಿಗೆ ಬಿತ್ತು. ಪೆನ್ಸಿಲ್ ಕೆಳಗಿಟ್ಟೆ. ಅವಳು ಫೋನಿಡುವವರೆಗೂ ಕಾದೆ.

"ಅಮ್ಮಾ, ನಿಜಾನಾ?"

"ಏನು?"

"ಖುಷಿಯಾಗಿದೀಯಾ?"

ಅಮ್ಮ ನನ್ನ ಕಡೆ ತಿರುಗಿದಳು. ನನ್ನನ್ನೇ ನೇರವಾಗಿ ನೋಡಿದಳು, ರೆಪ್ಪೆ ಬಡಿಯದೆ.

"ಹೂಂ ಮತ್ತೆ," ಎಂದಳು.